ಎಡಗಡೆ ಮಾತ್ರ ಸಣ್ಣಗೆ

"ಇದೂ ಸರಿ ಇಲ್ಲ ಅಪ್ಪ," ಎಂದಳು ಚೂಟಿ.

ಅಂಗಡಿಯವರು ಕೈಯಲ್ಲಿದ್ದ ಖಾಲಿ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು ಉಸ್ಸೆಂದರು. ಅಲ್ಲಿ ಆಗಲೇ ಮೂರು ಡಬ್ಬಿಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. ಕಪ್ಪು ಹೆಡ್‌ಫೋನ್ ಆಯಿತು, ಬಿಳಿಯದಾಯಿತು, ಕಿವಿಯೊಳಗೆ ತೂರಿಸುವಂಥದ್ದೂ ಆಯಿತು. ಈಗ ನೀಲಿಯದು, ಮೆತ್ತನೆಯ ದೊಡ್ಡ ಕುಶನ್ ಇರುವಂಥದ್ದು, ಚೂಟಿಯ ತಲೆಯ ಮೇಲೆ ಕೂತಿತ್ತು.

"ಇದಕ್ಕೇನಾಯ್ತು ಮರಿ?" ಅಂಗಡಿಯವರು ಕೇಳಿದರು.

"ಎಡಗಡೆ ಸಣ್ಣಗೆ ಕೇಳುತ್ತೆ ಅಂಕಲ್. ಬಲಗಡೆ ಮಾತ್ರ ಜೋರಾಗಿದೆ."

"ಇದಕ್ಕೂ ಎಡಗಡೆನೇ?"

"ಹೂಂ."

ಅಪ್ಪ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಅಪ್ಪನಿಗೆ ಸ್ವಂತದ್ದೊಂದು ಸಲೂನು ಇದೆ. "ಇನ್ನೊಂಚೂರು ಕತ್ತರಿಸಿ, ಇನ್ನೊಂಚೂರು" ಎಂದು ಸತಾಯಿಸಿ, ಕೊನೆಗೆ "ಜಾಸ್ತಿ ಆಯ್ತಲ್ರೀ" ಎಂದು ಮುಖ ಸಿಂಡರಿಸುವ ಗಿರಾಕಿಗಳನ್ನು ಕಂಡರೆ ಅವನಿಗಾಗದು. ಈಗ ಇನ್ನೊಬ್ಬರ ಅಂಗಡಿಯಲ್ಲಿ ಅವನ ಸ್ವಂತ ಮಗಳೇ ಅಂಥ ಗಿರಾಕಿಯಾಗಿ ನಿಂತಿದ್ದಳು.

"ಕೊಡು ಇಲ್ಲಿ," ಎಂದು ಅಪ್ಪ ಹೆಡ್‌ಫೋನ್ ತೆಗೆದು ತಾನೇ ಹಾಕಿಕೊಂಡ. ಅದರ ತಂತಿ ಚೂಟಿಯ ಪುಟ್ಟ ಮ್ಯೂಸಿಕ್ ಪ್ಲೇಯರಿಗೆ ಸಿಕ್ಕಿಸಿತ್ತು. ಅತ್ತೆ ಕೊಟ್ಟ ಪ್ಲೇಯರ್ ಅದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದರೊಳಗೆ ಹಾಡಿನ ಟೀಚರ್ ಸ್ಕೂಲಿನ ಗುಂಪುಹಾಡನ್ನು ಹಾಕಿಕೊಟ್ಟಿದ್ದರು.

ಅಪ್ಪನ ತಲೆ ತಾನಾಗಿ ತೂಗತೊಡಗಿತು. "ಎರಡೂ ಕಡೆ ಚೆನ್ನಾಗಿ ಬರ್ತಿದೆಯಲ್ಲೇ!" ಎಂದು ಅವನು ಕಿರುಚಿದ. ಕಿವಿ ಮುಚ್ಚಿದ್ದರಿಂದ ತಾನು ಕಿರುಚುತ್ತಿದ್ದೇನೆ ಎಂದು ಅವನಿಗೆ ತಿಳಿದಿರಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಚೂಟಿಗೆ ನೆಲದೊಳಗೆ ಇಳಿದುಹೋಗಬೇಕು ಅನ್ನಿಸಿತು.

"ಅಪ್ಪ, ಮೆಲ್ಲಗೆ!"

"ಆಂ?"

ಅವಳು ಕಣ್ಣು ಬಿಟ್ಟು ಬೆದರಿಸಿದಳು. ಅಪ್ಪ ಹೆಡ್‌ಫೋನ್ ತೆಗೆದ.

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಇವತ್ತು ನಗು ಬರಲಿಲ್ಲ. ಶನಿವಾರದ ಸ್ಕೂಲ್ ಕಾರ್ಯಕ್ರಮ ಹತ್ತಿರ ಬಂದಿತ್ತು. ಗುಂಪುಹಾಡಿನಲ್ಲಿ ಹಿಂದಿನ ಸಾಲಿನವರು ಒಂದು ಸಾಲು ಹಾಡಿ ಮುಗಿಸುವ ಹೊತ್ತಿಗೆ ಮುಂದಿನ ಸಾಲಿನವರು ಸೇರಿಕೊಳ್ಳಬೇಕು. ಚೂಟಿ ಮುಂದಿನ ಸಾಲಿನ ಬಲತುದಿಯಲ್ಲಿ ನಿಲ್ಲುತ್ತಾಳೆ. ಉಳಿದವರೆಲ್ಲ ಅವಳ ಎಡಗಡೆಗೆ. ಇತ್ತೀಚೆಗೆ ಅವಳದು ದಿನಾ ಇದೇ ಕತೆ. ಒಮ್ಮೆ ಎಲ್ಲರಿಗಿಂತ ಮೊದಲೇ ಶುರು ಮಾಡಿಬಿಡುತ್ತಾಳೆ, ಒಮ್ಮೆ ಎಲ್ಲರೂ ಶುರು ಮಾಡಿದ ಮೇಲೆ.

"ಪಕ್ಕದವಳನ್ನ ಕೇಳಿಸ್ಕೊಂಡು ಹಾಡು, ಚೂಟಿ," ಎಂದಿದ್ದರು ಟೀಚರ್. "ಹಾಡು ಕೊಟ್ಟಿದ್ದೀನಿ, ಮನೇಲಿ ಕೇಳಿ ಅಭ್ಯಾಸ ಮಾಡು. ಶನಿವಾರದ ಹೊತ್ತಿಗೆ ಸರಿ ಹೋಗದಿದ್ರೆ ಈ ಸಲ ನೀನು ಕೂತು ನೋಡು."

ಕೂತು ನೋಡು! ಆ ಎರಡು ಮಾತು ನೆನಪಾದಾಗಲೆಲ್ಲ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಂಗಡಿಯವರು ನೀಲಿ ಹೆಡ್‌ಫೋನನ್ನು ಕೈಯಲ್ಲಿ ಹಿಡಿದು ಏನೋ ಯೋಚಿಸಿದರು. "ಇರು ಮರಿ, ಒಂದು ಕೆಲಸ ಮಾಡೋಣ," ಎಂದು ಅದನ್ನು ಹಿಂದುಮುಂದು ಮಾಡಿ ಮತ್ತೆ ಅವಳ ತಲೆಗೆ ಹಾಕಿದರು. "ಈಗ ಎಡಗಡೆದು ಬಲಕ್ಕೆ ಬಂತು, ಬಲಗಡೆದು ಎಡಕ್ಕೆ ಹೋಯ್ತು. ಹಾಡು ಹಾಕ್ತೀನಿ. ಯಾವ ಕಡೆ ಸಣ್ಣಗಿದೆ ಹೇಳು."

ಹಾಡು ಶುರುವಾಯಿತು. ಚೂಟಿ ಕಣ್ಣು ಮುಚ್ಚಿ ಕೇಳಿದಳು. ಬಲಗಡೆ ಮಕ್ಕಳೆಲ್ಲ ಕಿವಿಯ ಹತ್ತಿರವೇ ನಿಂತು ಹಾಡುತ್ತಿದ್ದಂತಿತ್ತು. ಎಡಗಡೆ ಮಾತ್ರ ಯಾರೋ ಬಾಗಿಲು ಮುಚ್ಚಿಕೊಂಡು ಒಳಗೆ ಹಾಡುತ್ತಿದ್ದ ಹಾಗೆ.

"ಎಡ..." ಎಂದಳು. ಅಷ್ಟರಲ್ಲಿ ಅವಳಿಗೆ ಅರ್ಥವಾಯಿತು.

ಹೆಡ್‌ಫೋನ್ ತಿರುಗಿತ್ತು. ಆದರೂ ಸಣ್ಣಗಿರುವುದು ಎಡಗಡೆಯೇ. ಅಂದರೆ ಹೆಡ್‌ಫೋನಿಗೆ ಏನೂ ಆಗಿಲ್ಲ. ಕಪ್ಪಿನದಕ್ಕೂ ಆಗಿಲ್ಲ, ಬಿಳಿಯದಕ್ಕೂ ಆಗಿಲ್ಲ.

"ಇಲ್ಲ ಇಲ್ಲ, ಈಗ ಎರಡೂ ಒಂದೇ ಥರ ಇದೆ," ಎಂದು ಅವಳು ಗಡಬಡಿಸಿದಳು. "ಇದೇ ಇರಲಿ ಅಪ್ಪ. ಇದು ಚೆನ್ನಾಗಿದೆ. ಹೋಗೋಣ."

ಅಂಗಡಿಯವರು ಅವಳ ಮುಖವನ್ನೇ ನೋಡಿದರು. ಆಮೇಲೆ ಅಪ್ಪನ ಕಡೆಗೆ ಬಾಗಿ, "ಸಾರ್, ತಪ್ಪು ತಿಳ್ಕೋಬೇಡಿ," ಎಂದರು. "ಹೆಡ್‌ಫೋನ್ ಕೆಟ್ಟಿದ್ರೆ ತಿರುಗಿಸಿದಾಗ ಬಲಗಡೆ ಸಣ್ಣಗಾಗ್ಬೇಕಿತ್ತು. ಮಗೂಗೆ ಒಂದ್ಸಲ ಕಿವಿ ತೋರಿಸಿಬಿಡಿ."

ಅಪ್ಪನಿಗೆ ಎಲ್ಲಿತ್ತೋ ಸಿಟ್ಟು! "ನಾಲ್ಕು ಡಬ್ಬಿ ಬಿಚ್ಚಿಸಿದ್ವಿ ಅಂತ ನನ್ನ ಮಗಳಲ್ಲೇ ಐಬು ಹುಡುಕ್ತೀರಾ? ಅವಳ ಕಿವಿಗೆ ಏನಾಗಿದೆ? ನಾವೂ ಅಂಗಡಿ ಇಟ್ಟವರೇ, ಗಿರಾಕಿ ಹತ್ರ ಹಿಂಗೆ ಮಾತಾಡಲ್ಲ. ಬಾರೇ ಚೂಟಿ."

ನೀಲಿ ಹೆಡ್‌ಫೋನ್ ಕೌಂಟರಿನ ಮೇಲೆಯೇ ಉಳಿಯಿತು.

ರಸ್ತೆಯಲ್ಲಿ ಅಪ್ಪ ದಾಪುಗಾಲು ಹಾಕುತ್ತ ನಡೆದ. ವಾಹನ ಓಡಾಡುವ ಎಡಗಡೆಗೆ ತಾನು, ಒಳಗಡೆಗೆ ಚೂಟಿ. ಅವನು ಒಂದೇ ಸಮನೆ ಏನೋ ಗೊಣಗುತ್ತಿದ್ದ. ಆ ಗೊಣಗಾಟದಲ್ಲಿ ಚೂಟಿಗೆ ಅಲ್ಲೊಂದು ಇಲ್ಲೊಂದು ಪದ ಸಿಗುತ್ತಿತ್ತು. ಅವಳು ತಲೆ ತಗ್ಗಿಸಿಕೊಂಡು ತನ್ನ ಚಪ್ಪಲಿಯನ್ನೇ ನೋಡುತ್ತ ಹೆಜ್ಜೆ ಹಾಕಿದಳು. ಅಪ್ಪ ನಂಬಿಲ್ಲವಲ್ಲ, ಸದ್ಯ, ಎಂದುಕೊಂಡಳು. ಅಪ್ಪ ನಂಬದಿದ್ದರೆ ಟೀಚರಿಗೂ ಗೊತ್ತಾಗುವುದಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಪಕ್ಕದಲ್ಲಿ ಯಾರೂ ಇಲ್ಲ ಅನ್ನಿಸಿತು. ತಿರುಗಿ ನೋಡಿದರೆ ಅಪ್ಪ ಹಿಂದೆ, ಒಂದು ಅಂಗಡಿಯ ಮುಂದೆ ನಿಂತುಬಿಟ್ಟಿದ್ದಾನೆ. ಅವನು ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ.

ಚೂಟಿ ಓಡಿ ಬಂದಳು. "ಏನಪ್ಪ?"

ಅಪ್ಪ ಸುತ್ತಿಕೊಂಡು ಅವಳ ಬಲಗಡೆಗೆ ಬಂದ. ಬಗ್ಗಿ ಮೆಲ್ಲಗೆ ಹೇಳಿದ: "ಐಸ್‌ಕ್ರೀಮ್ ತಿಂತೀಯಾ ಅಂತ ಮೂರು ಸಲ ಕೇಳ್ದೆ."

ನಿದ್ದೆಯಲ್ಲಿ ಐಸ್‌ಕ್ರೀಮ್ ಎಂದರೂ ಎದ್ದು ಕೂರುವ ಹುಡುಗಿ ಅವಳು. ಅದು ಅಪ್ಪನಿಗೂ ಗೊತ್ತು, ಅವಳಿಗೂ ಗೊತ್ತು.

"ಯಾವಾಗಿಂದ ಕಂದಾ?"

"ಆವತ್ತು ದೊಡ್ಡ ನೆಗಡಿ ಆಗಿತ್ತಲ್ಲ, ಅವಾಗಿಂದ ಇರಬಹುದು." ಚೂಟಿ ಅಪ್ಪನ ಅಂಗಿ ಹಿಡಿದಳು. "ನಂಗೇ ಗೊತ್ತಿರಲಿಲ್ಲ ಅಪ್ಪ, ನಿಜವಾಗ್ಲೂ. ಈಗ ಅಂಗಡೀಲೇ ಗೊತ್ತಾಗಿದ್ದು."

ಅಪ್ಪ ಅವಳ ಎಡಗಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿದ. "ದಿನಾ ಎಷ್ಟೊಂದು ಜನರ ಕಿವಿ ಮಡಚಿ ಹಿಡಿದು ಕತ್ತರಿ ಆಡಿಸ್ತೀನಿ. ಮನೇಲಿರೋ ಕಿವಿ ಮಾತ್ರ ಕಣ್ಣಿಗೆ ಬೀಳಲಿಲ್ಲ. ಕರೆದ್ರೆ ತಿರುಗಲ್ಲ, ಸೊಕ್ಕು ಬಂದಿದೆ ನಿಂಗೆ ಅಂತ ಮೊನ್ನೆ ಬೇರೆ ಬೈದೆ." ಅವನ ಧ್ವನಿ ಒಂದು ಥರ ಆಯಿತು. ಕೂಡಲೇ ಗಂಟಲು ಸರಿಮಾಡಿಕೊಂಡು, "ಏನೂ ಇರಲ್ಲ ಬಿಡು," ಎಂದ.

ಐಸ್‌ಕ್ರೀಮ್ ಕೊಡಿಸುವಾಗ ಇನ್ನೊಮ್ಮೆ "ಏನೂ ಇರಲ್ಲ" ಎಂದ. ಮನೆ ಬಾಗಿಲು ತೆಗೆಯುವಾಗ ಮತ್ತೊಮ್ಮೆ. ಅವನು ಹಾಗೆ ಹೇಳಿದಷ್ಟೂ ಚೂಟಿಗೆ ಭಯ ಜಾಸ್ತಿಯಾಯಿತು.

ಮರುದಿನ ಅಪ್ಪ ಸಲೂನಿಗೆ ಬೀಗ ಹಾಕಿ ಅವಳನ್ನು ಕಿವಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ. ಡಾಕ್ಟರ್ ಪುಟ್ಟ ದೀಪ ಹಿಡಿದು ಎರಡೂ ಕಿವಿಯೊಳಗೆ ಇಣುಕಿದರು.

"ನೆಗಡಿ ಆದ್ಮೇಲೆ ಕೆಲವು ಮಕ್ಕಳಿಗೆ ಕಿವಿಯ ತಮಟೆ ಹಿಂದೆ ನೀರು ನಿಂತ್ಕೊಳ್ಳುತ್ತೆ," ಎಂದರು. "ಅದಾದ್ರೆ ಸರಿ ಮಾಡಬಹುದು. ಬೇರೆ ಏನಾದ್ರೂ ಇದ್ದರೆ ಅದಕ್ಕೆ ಬೇರೆ ದಾರಿ. ಎಷ್ಟು ಕೇಳುತ್ತೆ ಅಂತ ಮೊದಲು ಟೆಸ್ಟ್ ಮಾಡೋಣ."

ಟೆಸ್ಟ್ ಎಂದ ಕೂಡಲೇ ಚೂಟಿ ಗಾಬರಿಯಾದಳು. ಟೆಸ್ಟ್ ಎಂದರೆ ಮಾರ್ಕ್ಸ್. ಮಾರ್ಕ್ಸ್ ಕಡಿಮೆ ಬಂದರೆ ಅಪ್ಪ ಸ್ಕೂಲಿಗೆ ಹೇಳುತ್ತಾನೆ. ಸ್ಕೂಲಿಗೆ ಗೊತ್ತಾದರೆ ಹಾಡಿನ ಟೀಚರ್ ಶನಿವಾರದವರೆಗೂ ಕಾಯುವುದಿಲ್ಲ. ಸರಿಯಾಗಿ ಕೇಳದವಳನ್ನು ಹಾಡುವ ಗುಂಪಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಏನಾದರಾಗಲಿ, ಈ ಟೆಸ್ಟಿನಲ್ಲಿ ಫುಲ್ ಮಾರ್ಕ್ಸ್ ತೆಗೆಯಲೇಬೇಕು ಎಂದು ಅವಳು ಹಲ್ಲು ಕಚ್ಚಿದಳು.

ಟೆಸ್ಟ್ ಮಾಡುವ ರೂಮು ಬೀರುವಿಗಿಂತ ಸ್ವಲ್ಪ ದೊಡ್ಡದಿತ್ತು, ಅಷ್ಟೇ. ಗೋಡೆಗೆಲ್ಲ ಸ್ಪಂಜು. ಬಾಗಿಲು ಹಾಸಿಗೆಯಷ್ಟು ದಪ್ಪ. ಒಂದು ಕಡೆ ಗಾಜಿನ ಕಿಟಕಿ, ಅದರಾಚೆ ಒಂದು ಮೆಷಿನ್. ಟೆಸ್ಟ್ ಮಾಡುವ ಅಕ್ಕ ಚೂಟಿಯನ್ನು ಓರೆಯಾಗಿಟ್ಟ ಕುರ್ಚಿಯಲ್ಲಿ ಕೂರಿಸಿ ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿದರು. ಅಂಗಡಿಯ ಯಾವ ಹೆಡ್‌ಫೋನೂ ಇಷ್ಟು ಬಿಗಿಯಾಗಿರಲಿಲ್ಲ. ಕೈಗೊಂದು ಬಟನ್ ಕೊಟ್ಟರು.

"ಪೀಂ ಅಂತ ಸದ್ದು ಬರುತ್ತೆ. ತೀರಾ ಸಣ್ಣಗೆ ಕೇಳಿದ್ರೂ ಒತ್ತು. ಕೇಳದಿದ್ರೆ ಒತ್ತಬೇಡ. ಸರೀನಾ?"

"ಹೂಂ ಅಕ್ಕ."

ಅಕ್ಕ ಹುಷಾರಿನವರು. ಚೂಟಿಗೆ ತಮ್ಮ ಕೈ ಕಾಣಬಾರದು ಎಂದೇ ಕುರ್ಚಿಯನ್ನು ಓರೆ ಮಾಡಿದ್ದರು. ಆದರೆ ಅಪ್ಪನ ವಿಷಯ ಅವರಿಗೇನು ಗೊತ್ತು? "ಸುಮ್ಮನೆ ಕೂತಿರ್ತೀನಿ ಮೇಡಂ, ಉಸಿರೂ ಬಿಡಲ್ಲ" ಎಂದು ಗೋಗರೆದು ಅಪ್ಪ ಗಾಜಿನಾಚೆ ಒಂದು ಸ್ಟೂಲು ಹಿಡಿದಿದ್ದ. ಮಗಳ ಮುಖ ಕಾಣಲಿ ಎಂದು ಅದನ್ನು ಮೆಲ್ಲಗೆ ಮೂಲೆಗೆ ಎಳೆದುಕೊಂಡಿದ್ದ. ಅಲ್ಲಿಂದ ಅವನಿಗೆ ಚೂಟಿಯೂ ಕಾಣುತ್ತಿದ್ದಳು, ಮೆಷಿನ್ನೂ ಕಾಣುತ್ತಿತ್ತು.

ಮೊದಲು ಬಲಗಿವಿ. ಪೀಂ. ಒತ್ತಿದಳು. ಪೀಂ. ಒತ್ತಿದಳು. ಸದ್ದು ಸಣ್ಣದಾಗುತ್ತ ಸೊಳ್ಳೆಯಷ್ಟಾಯಿತು. ಆದರೂ ಕೇಳಿತು.

ಆಮೇಲೆ ಎಡಗಿವಿ.

ಏನೂ ಇಲ್ಲ.

ಚೂಟಿ ಉಸಿರು ಬಿಗಿಹಿಡಿದಳು. ಏನೂ ಇಲ್ಲ. ದಿಕ್ಕು ತೋಚದೆ ಅವಳು ಅಪ್ಪನ ಕಡೆ ನೋಡಿದಳು. ಆಗಲೇ ಅಪ್ಪನ ಎರಡೂ ಹುಬ್ಬು ಗಕ್ಕನೆ ಮೇಲೇರಿ ಅಲ್ಲೇ ನಿಂತವು.

ಅಪ್ಪನ ಹುಬ್ಬಿನ ಸಂಗತಿ ಮನೆಯಲ್ಲೆಲ್ಲ ಪ್ರಸಿದ್ಧ. ಇಸ್ಪೀಟು ಆಡುವಾಗ ಕೈಗೆ ಒಳ್ಳೆಯ ಎಲೆ ಬಂದರೆ ಸಾಕು, ಅವು ಹಣೆಗೆ ಹತ್ತಿಬಿಡುತ್ತವೆ. ಅಪ್ಪ ಇವತ್ತಿನವರೆಗೆ ಒಂದಾಟವನ್ನೂ ಗೆದ್ದಿಲ್ಲ.

ಚೂಟಿ ಬಟನ್ ಒತ್ತಿದಳು. ಹುಬ್ಬು ಕೆಳಗಿಳಿಯಿತು. ಅಪ್ಪನ ಹಲ್ಲು ಕಾಣಿಸಿತು.

ಮೆಷಿನ್ನಿನಿಂದ ಸದ್ದು ಹೊರಟಾಗ ಅದರ ಮೇಲೊಂದು ದೀಪ ಹತ್ತುತ್ತಿರಬೇಕು. ಅದನ್ನು ನೋಡಿ ಅಪ್ಪನ ಹುಬ್ಬು ಏರುತ್ತಿರಬೇಕು. ಪಾಪ, ಅವನಿಗೆ ಅದರ ಅರಿವೇ ಇರಲಿಲ್ಲ. ಮತ್ತೆ ಏರಿತು. ಒತ್ತಿದಳು. ಮತ್ತೆ ಏರಿತು. ಒತ್ತಿದಳು. ಎಡಗಿವಿಯಲ್ಲಿ ಒಂದೇ ಒಂದು ಪೀಂ ಕೂಡ ಕೇಳದೆ ಚೂಟಿ ಟೆಸ್ಟ್ ಮುಗಿಸಿದಳು.

ಬಾಗಿಲು ತೆರೆದು ಅಕ್ಕ ಒಳಗೆ ಬಂದರು. ಕೈಯಲ್ಲಿದ್ದ ಹಾಳೆಯನ್ನು ಒಮ್ಮೆ ನೋಡಿದರು, ಚೂಟಿಯನ್ನು ಒಮ್ಮೆ ನೋಡಿದರು.

"ಎಡಗಿವಿ ಬಲಗಿವಿಗಿಂತ ಚೆನ್ನಾಗಿದೆ ಅಂತ ಬಂದಿದೆಯಲ್ಲ," ಎಂದರು. "ನಿಮ್ಮಪ್ಪ ಹೇಳಿದ್ರಲ್ಲ, ಆ ಅಂಗಡೀಲಿ ಯಾಕೆ ಕೇಳಿಸ್ಲಿಲ್ವೋ, ನಂಗೇ ಅರ್ಥ ಆಗ್ತಿಲ್ಲ."

"ನಾನು ಹೇಳ್ಲಿಲ್ವಾ?" ಅಪ್ಪ ಬಾಗಿಲಲ್ಲಿ ಕುಣಿಯುವುದೊಂದು ಬಾಕಿ. "ಏನೂ ಇರಲ್ಲ ಅಂತ ನಿನ್ನೆಯಿಂದ ಬಡ್ಕೋತಿದೀನಿ. ಹೋಗೋ ದಾರೀಲೇ ಆ ನೀಲಿ ಹೆಡ್‌ಫೋನ್ ತಗೊಂಡುಬಿಡೋಣ. ಬಾ ಬಾ, ಏಳು."

ಚೂಟಿ ಏಳಲಿಲ್ಲ. ಗೆದ್ದಾಯಿತು, ಆದರೆ ಖುಷಿಯಾಗಲಿಲ್ಲ. ನೀಲಿ ಹೆಡ್‌ಫೋನ್ ಬರುತ್ತದೆ. ಹಾಕಿಕೊಂಡರೆ ಎಡಗಡೆ ಮತ್ತೆ ಅದೇ ಮುಚ್ಚಿದ ಬಾಗಿಲು. ಶನಿವಾರ ಬರುತ್ತದೆ. ಪಕ್ಕದವಳು ಬಾಯಿ ತೆರೆಯುತ್ತಾಳೆ, ಚೂಟಿಗೆ ಅದು ಕೇಳುವುದಿಲ್ಲ. ಕಿವಿಯೊಳಗೆ ನೀರಿದ್ದರೆ ಅದು ಅಲ್ಲೇ ಇರುತ್ತದೆ. ಅದು ಗೊತ್ತಿರುವುದು ಅವಳೊಬ್ಬಳಿಗೇ. ಇಷ್ಟು ಭಯ ಅವಳಿಗೆ ಅಂಗಡಿಯಲ್ಲೂ ಆಗಿರಲಿಲ್ಲ.

"ಅಕ್ಕಾ, ಆ ಪೇಪರ್‌ನ ಡಾಕ್ಟರ್ ನಂಬ್ತಾರಾ?"

"ನಂಬದೆ? ನೀನು ಒತ್ತಿದ್ದನ್ನ ನೋಡೇ ಅವರು ಏನು ಮಾಡ್ಬೇಕು, ಏನು ಬೇಡ ಅಂತ ಹೇಳೋದು."

"ಹಾಗಾದ್ರೆ ಕೊಡಬೇಡಿ." ಚೂಟಿಯ ಕಣ್ಣಿಂದ ನೀರು ಬಳಬಳನೆ ಇಳಿಯಿತು. "ನಂಗೆ ಎಡಗಡೆ ಒಂದೂ ಕೇಳಿಸ್ಲಿಲ್ಲ. ಅಪ್ಪನ ಹುಬ್ಬು ನೋಡಿ ಒತ್ತಿದೆ."

ಅಪ್ಪ ಬಾಯಿ ತೆರೆದವನು ಹಾಗೇ ನಿಂತ. ಆಮೇಲೆ ಎರಡೂ ಕೈಯಿಂದ ತನ್ನ ಹುಬ್ಬು ಮುಟ್ಟಿ ನೋಡಿಕೊಂಡ. "ನನ್ನ ಹುಬ್ಬಾ?"

ಅಕ್ಕ ನಗಬಾರದು ಎಂದು ಹಾಳೆಯನ್ನು ಮುಖಕ್ಕೆ ಹಿಡಿದರು. ಆದರೂ ನಗು ತಡೆಯಲಾಗಲಿಲ್ಲ. ಅಳುತ್ತಿದ್ದ ಚೂಟಿಗೂ ಒಂದು ಕ್ಷಣ ನಗು ಬಂದು, ಮೂಗಿನಲ್ಲಿ ಗುಳ್ಳೆ ಬಂತು. ಅಪ್ಪ ತನ್ನ ಕರವಸ್ತ್ರದಿಂದ ಅದನ್ನು ಒರೆಸಿದ. ಅವನು ಮಾತ್ರ ನಗುತ್ತಿರಲಿಲ್ಲ.

"ಯಾಕೆ ಕಂದಾ ಹಂಗೆ ಮಾಡ್ದೆ?"

"ಕಿವಿ ಸರಿ ಇಲ್ಲ ಅಂದ್ರೆ ಟೀಚರ್ ಹಾಡಿಂದ ತೆಗೆದುಬಿಡ್ತಾರೆ. ಶನಿವಾರ ಕೂತು ನೋಡು ಅಂದಿದ್ದಾರೆ." ಅವಳು ಬಿಕ್ಕಿದಳು. "ಮತ್ತೆ ನೀನೂ ಅಷ್ಟು ಖುಷಿಯಾಗಿದ್ದೆ."

ಅಪ್ಪ ಈ ಸಲ "ಏನೂ ಇರಲ್ಲ" ಎನ್ನಲಿಲ್ಲ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಲಗಡೆಗೆ ಬಾಗಿ ಹೇಳಿದ: "ನಂಗೂ ಭಯ ಆಗಿತ್ತು ಕಣೇ. ಅದಕ್ಕೇ ನಿನ್ನೆಯಿಂದ ಸುಮ್ಮನೆ ವಟಗುಟ್ತಿದ್ದೆ. ಟೀಚರ್ ಹತ್ರ ನಾನೂ ಬಂದು ಮಾತಾಡ್ತೀನಿ. ಅವರು ಏನಂತಾರೋ ನಂಗೊತ್ತಿಲ್ಲ."

ಚೂಟಿ ತಲೆಯಾಡಿಸಿದಳು. ಅಪ್ಪನಿಗೂ ಭಯವಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ವಿಚಿತ್ರ ಎಂದರೆ, ಅದು ತಿಳಿದ ಮೇಲೆ ಅವಳ ಭಯ ಸ್ವಲ್ಪ ಕಡಿಮೆಯಾಯಿತು.

"ಇನ್ನೊಂದ್ಸಲ ಮಾಡೋಣ್ವಾ?" ಎಂದರು ಅಕ್ಕ.

"ನಾನು ಹೊರಗೆ ಹೋಗಿ ನಿಂತ್ಕೋತೀನಿ ಮೇಡಂ," ಅಪ್ಪ ಎದ್ದ. "ಈ ಹುಬ್ಬು ಕಟ್ಟಿಕೊಂಡು ನಾನಿಲ್ಲಿ ಇರಬಾರದು."

"ಬೇಡ, ಇಲ್ಲೇ ಇರು," ಎಂದಳು ಚೂಟಿ.

ಅವಳು ಕುರ್ಚಿಯಿಂದ ಇಳಿದು, ಅದರ ಬೆನ್ನು ಹಿಡಿದು ತಾನೇ ತಿರುಗಿಸಿದಳು. ಕುರ್ಚಿ ಭಾರವಿತ್ತು, ಕಿರ್ರೆಂದಿತು. ಈಗ ಅವಳ ಎದುರಿಗೆ ಸ್ಪಂಜಿನ ಗೋಡೆ ಬಿಟ್ಟು ಬೇರೇನೂ ಇರಲಿಲ್ಲ. ಅಕ್ಕ ಹೆಡ್‌ಫೋನನ್ನು ಮತ್ತೆ ತಲೆಗೆ ಕೂರಿಸಿ, ಬಾಗಿಲು ಎಳೆದುಕೊಂಡು ಹೋದರು.

ಎಲ್ಲ ನಿಶ್ಶಬ್ದ.

ಚೂಟಿ ಬೆರಳನ್ನು ಬಟನ್ ಮೇಲಿಟ್ಟು ಕಾದಳು. ಈಗ ಒಂದು ಸದ್ದು ಬಂದು ಹೋಗಿರಬಹುದು. ಹುಬ್ಬು ಏರಿರಬಹುದು. ಬೆರಳು ತುರಿಸಿದಂತಾಯಿತು. ಒತ್ತಿಬಿಡಲೇ ಅನ್ನಿಸಿತು. ಅವಳು ಒತ್ತಲಿಲ್ಲ.

ಇನ್ನೂ ಸ್ವಲ್ಪ ಹೊತ್ತು ಹೋಯಿತು. ಆಮೇಲೆ ಎಲ್ಲೋ ಬಲು ದೂರದಲ್ಲಿ, ಪಕ್ಕದ ಬೀದಿಯಲ್ಲಿ ಯಾರದೋ ಸೈಕಲ್ ಬ್ರೇಕು ಹಾಕಿದಷ್ಟು ಸಣ್ಣಗೆ ಒಂದು ಪೀಂ ಕೇಳಿತು. ಎಡಗಿವಿಯಲ್ಲೇ. ನಿಜವಾಗಿ ಕೇಳಿದ್ದೇ ಹೌದಾ ಎಂದು ಅವಳು ಒಮ್ಮೆ ತನ್ನನ್ನೇ ಕೇಳಿಕೊಂಡಳು. ಹೌದು. ಒತ್ತಿದಳು.

ಮತ್ತೆ ನಿಶ್ಶಬ್ದ. ಅದರೊಳಗೆ ತನಗೆ ತಿಳಿಯದಂತೆ ಎಷ್ಟು ಸದ್ದುಗಳು ಬಂದು ಹೋಗುತ್ತಿವೆಯೋ. ಗಾಜಿನಾಚೆ ಅಪ್ಪ ಯಾವ ಮುಖ ಮಾಡಿಕೊಂಡು ಕೂತಿದ್ದಾನೋ. ಭಯ ಇನ್ನೂ ಪೂರ್ತಿ ಹೋಗಿರಲಿಲ್ಲ. ಚೂಟಿ ಬೆರಳನ್ನು ಬಟನ್ ಮೇಲೆ ಇಟ್ಟುಕೊಂಡೇ, ಒತ್ತದೆ, ಗೋಡೆ ನೋಡುತ್ತ ಕೂತಳು.